ಕತ್ತಲಾದರೂ ಕೋಳಿ ಒಡ್ಡಿಗೆ ಹೋಗುತ್ತಿಲ್ಲವೇ? ಕೆಂಪು ನುಸಿಯ ಪತ್ತೆ ಮತ್ತು ನಿವಾರಣೆ

ಸಂಜೆಯಾದರೆ ತಾನಾಗಿ ಒಡ್ಡಿ ಸೇರುತ್ತಿದ್ದ ಕೋಳಿ ಬಾಗಿಲ ತನಕ ಬಂದು ನಿಲ್ಲುತ್ತದೆ. ಕತ್ತು ಚಾಚಿ ಒಳಗೆ ನೋಡುತ್ತದೆ, ಒಂದು ಕಾಲೆತ್ತಿ ಮತ್ತೆ ಇಳಿಸುತ್ತದೆ, ತಿರುಗಿ ಹೋಗಿ ಹಲಸಿನ ಮರ ಹತ್ತುತ್ತದೆ. ಹಿಡಿದು ತಂದು ಒಳಗೆ ಹಾಕಿದರೆ ರಾತ್ರಿಯಿಡೀ ಕಾಲು ಕೆದರುವ, ಮೈ ಕೊಡವುವ ಸದ್ದು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎಲ್ಲವೂ ಒಂದರ ಮೇಲೊಂದು ಬಿದ್ದು ಹೊರಗೋಡುತ್ತವೆ. ಇದು ನಿಮ್ಮ ಮನೆಯಲ್ಲಿ ಎರಡು ಮೂರು ದಿನದಿಂದ ನಡೆದಿದ್ದರೆ ಹಾವು, ಇಲಿ, ಕೆಂಪು ನುಸಿ ಈ ಮೂರನ್ನೂ ಇವತ್ತೇ ರಾತ್ರಿ ಹುಡುಕಿ. ನಾಳೆಗೆ ಬಿಡಬೇಡಿ. ಹಾವು, ಇಲಿ ಕಣ್ಣಿಗೆ ಬೀಳುತ್ತವೆ. ಮೂರನೆಯದನ್ನು ಹುಡುಕಲು ಎಲ್ಲಿ, ಯಾವಾಗ ನೋಡಬೇಕೆಂದು ಗೊತ್ತಿರಬೇಕು.

ನಮ್ಮ ಮನೆ ಇರುವುದು ಕೊಪ್ಪದ ಕಡೆ, ಅಡಿಕೆ ತೋಟದ ಅಂಚಿನಲ್ಲಿ. ಹದಿನಾಲ್ಕು ನಾಟಿ ಹೇಟೆ, ಎರಡು ಹುಂಜ. ಜಂಬಿಟ್ಟಿಗೆ ಗೋಡೆಯ ಒಡ್ಡಿ, ಒಳಗೆ ಕೂರಲು ಅಡಿಕೆ ದಬ್ಬೆ. ಮಳೆಗಾಲ ಮುಗಿಯುತ್ತ ಬಂದ ಒಂದು ಅಕ್ಟೋಬರ್‌ನಲ್ಲಿ, ಒಂಬತ್ತು ಮೊಟ್ಟೆಗೆ ಕಾವು ಕೂತಿದ್ದ ಹೇಟೆ ಹನ್ನೆರಡನೇ ದಿನ ಎದ್ದು ಹೋಯಿತು. ಕಾವು ಕೂತ ಕೋಳಿ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಕೈ ಹಾಕಿದರೆ ಕುಕ್ಕುತ್ತದೆ, ಮಳೆ ಸೋರಿದರೂ ರೆಕ್ಕೆ ಅಗಲಿಸಿ ಕೂತೇ ಇರುತ್ತದೆ. ಅದು ಮೊಟ್ಟೆ ಬಿಟ್ಟು ಅಂಗಳದಲ್ಲಿ ನಿಂತಿತ್ತು, ಗೂಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೊಟ್ಟೆಗಳು ತಣ್ಣಗಾಗಿದ್ದವು.

ಅಲ್ಲಿಂದ ಎರಡು ವಾರ ನಾನು ತಪ್ಪು ಜಾಗದಲ್ಲಿ ಹುಡುಕಿದೆ. ಮೊಟ್ಟೆ ಕಡಿಮೆಯಾಯಿತೆಂದು ಕ್ಯಾಲ್ಸಿಯಂ ಕೊಟ್ಟೆ. ಜುಟ್ಟು ಬಿಳಿಚಿಕೊಂಡಿತೆಂದು ಲಿವರ್ ಟಾನಿಕ್ ಕೊಟ್ಟೆ. ತೂಕ ಇಳಿಯಿತೆಂದು ಜಂತುಹುಳದ ಮದ್ದು ಹಾಕಿದೆ. ಹಗಲಲ್ಲಿ ಒಂದೊಂದನ್ನೇ ಹಿಡಿದು ರೆಕ್ಕೆ ಬಿಡಿಸಿ ನೋಡಿದೆ, ಮೈಮೇಲೆ ಒಂದು ಹುಳವೂ ಇರಲಿಲ್ಲ. ಅಷ್ಟರಲ್ಲಿ ಒಂದು ಎಳೆಯ ಹೇಟೆ ಸತ್ತಿತು.

ಒಂದು ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಇಲಿ ಬಂದಿದೆಯೇನೋ ಎಂದು ಟಾರ್ಚ್ ಹಿಡಿದು ಒಡ್ಡಿಯ ಒಳಗೆ ಬಗ್ಗಿದೆ. ಜೋಲಿ ತಪ್ಪಿ ದಬ್ಬೆಯ ಅಡಿಗೆ ಕೈ ಕೊಟ್ಟೆ. ಅಂಗೈಗೆ ಮರಳು ಮೆತ್ತಿದ ಹಾಗಾಯಿತು. ಬೆಳಕಿಗೆ ಹಿಡಿದರೆ ಆ ಮರಳು ನಡೆಯುತ್ತಿತ್ತು. ಇನ್ನೊಂದು ಕೈಯಿಂದ ಉಜ್ಜಿದೆ, ಅಂಗೈ ತುಂಬ ಕುಂಕುಮ ಕಲಸಿದಂಥ ಗೆರೆಗಳು. ಅದು ನಮ್ಮ ಕೋಳಿಗಳ ರಕ್ತ. ಟಾರ್ಚನ್ನು ದಬ್ಬೆಯ ಮೇಲೆ ಕೂತಿದ್ದ ಹೇಟೆಯ ಕಾಲಿಗೆ ತಿರುಗಿಸಿದಾಗ ಕಾಲಿನುದ್ದಕ್ಕೂ ಸಾಲುಗಟ್ಟಿ ಮೇಲೇರುತ್ತಿದ್ದವು. ಹಗಲು ಒಂದೂ ಇಲ್ಲದ ಮೈಮೇಲೆ.

ಈ ಬರಹದ ಉಳಿದದ್ದೆಲ್ಲ ಆ ಒಂದು ಸಂಗತಿಯಿಂದಲೇ ಹೊರಡುತ್ತದೆ. ಕೆಂಪು ನುಸಿ ಕೋಳಿಯ ಮೈಯಲ್ಲಿ ವಾಸಿಸುವ ಹುಳವಲ್ಲ, ಒಡ್ಡಿಯಲ್ಲಿ ವಾಸಿಸುವ ಹುಳ. ಕೋಳಿಯ ಬಳಿಗೆ ಅದು ಊಟಕ್ಕೆ ಮಾತ್ರ ಬರುತ್ತದೆ. ಹಾಗಾಗಿ ಮದ್ದು ಮಾಡಬೇಕಾದದ್ದು ಕೋಳಿಗಿಂತ ಮೊದಲು ಒಡ್ಡಿಗೆ.

ಹುಳದ ಪರಿಚಯ

ನುಸಿ ಎಂಬ ಒಂದೇ ಪದ ನಮ್ಮಲ್ಲಿ ಹಲವಕ್ಕೆ ಓಡಾಡುತ್ತದೆ. ತೆಂಗಿನ ಕಾಯಿಯ ಸಿಪ್ಪೆ ಸುಕ್ಕುಗಟ್ಟಿಸುವ ನುಸಿ ಬೇರೆ, ಅದು ಕೋಳಿಯ ತಂಟೆಗೆ ಬರುವುದಿಲ್ಲ. ಬೀರುವಿನಲ್ಲಿ ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯ ಹೆಸರಿನಲ್ಲಿ ನುಸಿ ಇದೆಯೆಂದು ಅದನ್ನು ಕೋಳಿ ಗೂಡಿನಲ್ಲಿ ಹಾಕುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಕಬೇಡಿ. ಅದು ನ್ಯಾಫ್ತಲೀನ್. ಮುಚ್ಚಿದ ಗೂಡಿನಲ್ಲಿ ಅದರ ಹೊಗೆ ಕೋಳಿಗೆ ವಿಷ, ಮೊಟ್ಟೆಗೂ ಅದೇ ವಾಸನೆ ಹತ್ತುತ್ತದೆ.

ನಾವು ಮಾತಾಡುತ್ತಿರುವುದು ಡರ್ಮನಿಸಸ್ ಗ್ಯಾಲಿನೇ ಎಂಬ ನುಸಿಯ ಬಗ್ಗೆ. ಜೇಡ ಮತ್ತು ಉಣ್ಣೆಯ ಬಳಗದ್ದು, ಬೆಳೆದದ್ದಕ್ಕೆ ಎಂಟು ಕಾಲು. ಉದ್ದ ಒಂದು ಮಿಲಿಮೀಟರ್‌ನೊಳಗೆ. ಹಸಿದಿದ್ದಾಗ ಬೂದಿ ಬಣ್ಣ, ರಕ್ತ ಕುಡಿದ ಮೇಲೆ ಕೆಂಪು, ಅದು ಅರಗುತ್ತ ಬಂದ ಹಾಗೆ ಕಪ್ಪು. ಹಾಗಾಗಿ ಒಂದೇ ಬಿರುಕಿನಲ್ಲಿ ಮೂರು ಬಣ್ಣದವೂ ಸಿಗಬಹುದು, ಮೂರು ಜಾತಿ ಎಂದುಕೊಳ್ಳಬೇಡಿ. ಕತ್ತಲಾದ ಮೇಲೆ ಹೊರಬಂದು ಕೋಳಿಯನ್ನು ಏರಿ, ರಕ್ತ ಕುಡಿದು, ಮತ್ತೆ ಬಿರುಕಿಗೆ ಮರಳುತ್ತದೆ. ಬಿರುಕಿನಲ್ಲೇ ಮೊಟ್ಟೆ ಇಡುತ್ತದೆ, ಒಂದು ಸಲಕ್ಕೆ ನಾಲ್ಕರಿಂದ ಎಂಟು. ಮೊಟ್ಟೆ ಎರಡು ಮೂರು ದಿನಕ್ಕೆ ಒಡೆಯುತ್ತದೆ. ಸೆಕೆ ಮತ್ತು ತೇವ ಎರಡೂ ಕೂಡಿಬಂದರೆ, ಅಂದರೆ 25ರಿಂದ 30 ಡಿಗ್ರಿಯ ಆಸುಪಾಸಿನಲ್ಲಿ, ಮೊಟ್ಟೆಯಿಂದ ಬೆಳೆದ ನುಸಿಯಾಗಲು ಏಳರಿಂದ ಹತ್ತು ದಿನ ಸಾಕು. ನಮ್ಮ ಮಲೆನಾಡು, ಕರಾವಳಿಯಲ್ಲಿ ಮಳೆ ಬಿಡುವು ಕೊಟ್ಟ ವಾರಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತವೆ.

ಇನ್ನೊಂದು ಗುಣ ನೆನಪಿಡಬೇಕು. ತಂಪಾದ ಜಾಗದಲ್ಲಿ ಇದು ರಕ್ತವಿಲ್ಲದೆ ಏಳೆಂಟು ತಿಂಗಳು ಬದುಕುತ್ತದೆ. ಕೋಳಿ ಮಾರಿ, ಒಡ್ಡಿ ಬೀಗ ಹಾಕಿ, ಆರು ತಿಂಗಳ ಮೇಲೆ ಹೊಸ ಮರಿ ತಂದು ಬಿಟ್ಟವರ ಮರಿಗಳು ಒಂದೇ ವಾರದಲ್ಲಿ ಸಾಯುವುದು ಇದರಿಂದಲೂ ಆಗಬಹುದು. ಖಾಲಿ ಇಟ್ಟರೆ ಒಡ್ಡಿ ಶುದ್ಧವಾಗುವುದಿಲ್ಲ.

ಪತ್ತೆ ಹಚ್ಚುವುದು

ಕತ್ತಲಾಗಿ ಎರಡು ಗಂಟೆ ಕಳೆಯಲಿ. ಹಳೆಯ ಬಿಳಿ ಪಂಚೆಯ ಒಂದು ತುಂಡು, ಒಂದು ಟಾರ್ಚ್ ತೆಗೆದುಕೊಳ್ಳಿ. ಕೋಳಿ ಕೂತಿರುವ ಕೋಲಿನ ಮೇಲ್ಭಾಗವನ್ನಲ್ಲ, ಅಡಿಭಾಗವನ್ನು ಒತ್ತಿ ಒರೆಸಿ. ಕೋಲು ಗೋಡೆ ಸೇರುವ ತುದಿಯಲ್ಲಿ ಇನ್ನೂ ಗಟ್ಟಿಯಾಗಿ ಒತ್ತಿ. ಬಟ್ಟೆಯ ಮೇಲೆ ಸಣ್ಣ ಸಣ್ಣ ಕೆಂಪು ಗೆರೆ ಎದ್ದರೆ ನುಸಿ ಇದೆ. ಜಂಬಿಟ್ಟಿಗೆ ಗೋಡೆ ಇರುವವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು, ಕಲ್ಲಿನ ಪುಡಿಯೂ ಕೆಂಪಗೇ ಇರುತ್ತದೆ. ಪುಡಿಯಾದರೆ ಬಟ್ಟೆ ಕೊಡವಿದಾಗ ಉದುರುತ್ತದೆ. ನುಸಿಯ ಕಲೆ ಹಸಿಯಾಗಿ ಬಟ್ಟೆಗೆ ಇಳಿದಿರುತ್ತದೆ, ಬೆಳಿಗ್ಗೆಗೆ ಕಂದಾಗುತ್ತದೆ.

ರಾತ್ರಿ ಹೋಗಲಾಗದವರು ಹಗಲಲ್ಲಿ ಹೀಗೆ ನೋಡಿ. ಕೂರುವ ಕೋಲನ್ನು ಕಿತ್ತು, ಬಿಳಿ ಕಾಗದದ ಮೇಲೆ ಅದರ ತುದಿ ಕುಟ್ಟಿ. ಬೂದಿಯಂಥ ಪುಡಿ ಬೀಳುತ್ತದೆ, ಉಪ್ಪಿಗೆ ಕಾಳುಮೆಣಸಿನ ಪುಡಿ ಬೆರೆಸಿದ ಹಾಗೆ. ಅದು ನುಸಿ ಕಳಚಿದ ಪೊರೆ ಮತ್ತು ಅದರ ಹಿಕ್ಕೆ. ಒಂದು ನಿಮಿಷ ಸುಮ್ಮನೆ ನೋಡುತ್ತಿರಿ, ಪುಡಿಯಲ್ಲಿ ಕೆಲವು ಕಣ ಹರಿದಾಡಲು ಶುರುಮಾಡುತ್ತವೆ. ಮೊಟ್ಟೆ ಇಡುವ ಪೆಟ್ಟಿಗೆಯ ಗೋಣಿ ಎತ್ತಿ ಅದರ ಅಡಿ ನೋಡಿ. ಹೊಲಿಗೆಯ ಸಂದಿಯಲ್ಲಿ ಗೊಂಚಲಾಗಿ ಕೂತಿರುತ್ತವೆ. ಮೊಟ್ಟೆಯ ಚಿಪ್ಪಿನ ಮೇಲೆ ಸಾಸಿವೆಗಿಂತ ಚಿಕ್ಕ ರಕ್ತದ ಚುಕ್ಕೆ ಕಂಡಿದ್ದರೆ ಅದೂ ಒಂದು ಸಾಕ್ಷಿ, ಕೋಳಿ ಕೂತಾಗ ಅಡಿಯಲ್ಲಿ ಜಜ್ಜಿಹೋದ ನುಸಿಯದು.

ನಾನು ಹೆಚ್ಚು ನಂಬುವುದು ರಟ್ಟಿನ ಬೋನನ್ನು. ಅಂಗಡಿಯ ಪೆಟ್ಟಿಗೆಯ ಅಲೆಅಲೆಯಾದ ರಟ್ಟು ಇರುತ್ತದಲ್ಲ, ಅದರಲ್ಲಿ ಅಂಗೈಯಗಲದ ತುಂಡು ಕತ್ತರಿಸಿ, ಬೀಡಿಯ ಹಾಗೆ ಸುತ್ತಿ, ಕೂರುವ ಕೋಲಿನ ಅಡಿಗೆ ದಾರದಿಂದ ಕಟ್ಟಿ. ಎರಡು ರಾತ್ರಿ ಬಿಡಿ. ನುಸಿಗೆ ಆ ಅಲೆಯ ಸಂದಿಗಿಂತ ಒಳ್ಳೆಯ ಬಿರುಕು ಬೇರೆ ಸಿಗುವುದಿಲ್ಲ. ಹಗಲಲ್ಲಿ ಬಿಚ್ಚಿ ನೇರವಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಆಮೇಲೆ ಬಿಳಿ ತಟ್ಟೆಗೆ ಕೊಡವಿ ಎಣಿಸಿ. ಈ ಎಣಿಕೆ ಮುಂದೆಯೂ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ನುಸಿಯಲ್ಲದಿದ್ದರೆ?

ಹಗಲಲ್ಲೇ ಕೋಳಿಯ ಮೈಮೇಲೆ ಹುಳ ಸಿಕ್ಕಿದರೆ ಅದು ಬಹುತೇಕ ಬೇರೆ ಹುಳ. ಗರಿ ಸರಿಸಿದ ಕೂಡಲೇ ಚುರುಕಾಗಿ ಓಡುವ, ಹುಲ್ಲಿನ ಬಣ್ಣದ, ಎರಡು ಮೂರು ಮಿಲಿಮೀಟರ್‌ನದು ಹೇನು. ಗರಿಯ ಬುಡದಲ್ಲಿ ಅದರ ಮೊಟ್ಟೆ ಬಿಳಿ ಗಂಟಾಗಿ ಅಂಟಿರುತ್ತದೆ. ಹೇನಿಗೆ ಒಡ್ಡಿ ಸುಡುವ ಅಗತ್ಯವಿಲ್ಲ, ಮದ್ದು ಕೋಳಿಯ ಮೈಗೇ ಬೇಕು.

ಕೆಂಪು ನುಸಿಯಂತೆಯೇ ಕಾಣುವ ಇನ್ನೊಂದು ಬಗೆಯ ನುಸಿ ಹಗಲೂ ರಾತ್ರಿಯೂ ಕೋಳಿಯ ಮೈಮೇಲೇ ಇರುತ್ತದೆ. ಬಾಲದ ಅಡಿ, ಗುದದ್ವಾರದ ಸುತ್ತ ಗರಿ ಕಪ್ಪಾಗಿ, ಜಿಗುಟಾಗಿ, ಮಣ್ಣು ಮೆತ್ತಿದಂತಾಗಿದ್ದರೆ ಇದನ್ನೇ ಶಂಕಿಸಬೇಕು. ಎರಡರ ಚಿಕಿತ್ಸೆ ತಿರುವುಮುರುವು. ಹಗಲಲ್ಲಿ ಬಾಲದ ಅಡಿ, ರಾತ್ರಿಯಲ್ಲಿ ಕೋಲಿನ ಅಡಿ, ಎರಡನ್ನೂ ನೋಡದೆ ಮದ್ದಿಗೆ ಕೈ ಹಾಕಬೇಡಿ.

ಕೋಳಿ ಉಣ್ಣೆಯೂ ರಾತ್ರಿ ಕಚ್ಚಿ ಹಗಲು ಬಿರುಕು ಸೇರುವಂಥದ್ದೇ. ಆದರೆ ಬೆಳೆದದ್ದು ಒಂದು ಸೆಂಟಿಮೀಟರ್ ತನಕ ಬರುತ್ತದೆ, ಚಪ್ಪಟೆ, ಚರ್ಮದಂಥ ಮೈ, ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅದರ ಮರಿ ಮಾತ್ರ ರೆಕ್ಕೆಯಡಿ ಹಲವು ದಿನ ಕಚ್ಚಿಕೊಂಡೇ ಇರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸ್ಪೈರೋಕೀಟೋಸಿಸ್ ಎಂಬ ಜ್ವರವನ್ನು ಕೋಳಿಯಿಂದ ಕೋಳಿಗೆ ಹರಡುವುದು ಈ ಉಣ್ಣೆ. ಹಸಿರು ಬೇಧಿ, ತೂಕಡಿಕೆ, ಕಾಲು ಸೋಲುವುದು ಕಂಡರೆ ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ.

ಕಾಲಿನ ಹುರುಪೆ ಎದ್ದು ಸುಣ್ಣ ಮೆತ್ತಿದ ಹಾಗಾಗಿದ್ದರೆ ಅದು ಕಾಲು ನುಸಿ, ಚರ್ಮದೊಳಗೇ ಕೊರೆದು ಕೂರುವಂಥದ್ದು. ಜುಟ್ಟು, ಕಣ್ಣಿನ ಸುತ್ತ ಕರಿ ಎಳ್ಳಿನ ಹಾಗೆ ಅಲ್ಲಾಡದೆ ಅಂಟಿಕೊಂಡಿದ್ದರೆ ಚಿಗಟ. ಎರಡೂ ಈ ಬರಹದ ವಿಷಯವಲ್ಲ.

ಜುಟ್ಟು ಬಿಳಿಚಿಕೊಂಡು ಹಿಕ್ಕೆಯಲ್ಲಿ ರಕ್ತವೂ ಕಂಡರೆ ಕಾಕ್ಸಿಡಿಯೋಸಿಸ್ ಎಂಬ ರಕ್ತಬೇಧಿ ಇರಬಹುದು, ಮರಿಗಳಲ್ಲಿ ಅದು ಹೆಚ್ಚು. ಕತ್ತು ತಿರುಚಿಕೊಂಡು, ಉಸಿರಿಗೆ ಒದ್ದಾಡಿ, ಎರಡು ಮೂರು ದಿನದಲ್ಲಿ ಸಾಲಾಗಿ ಸಾಯುತ್ತಿದ್ದರೆ ಕೊಕ್ಕರೆ ರೋಗ ಅಥವಾ ಅದಕ್ಕಿಂತ ದೊಡ್ಡದು. ಆಗ ನುಸಿಯ ವಿಚಾರ ಬದಿಗಿಟ್ಟು ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ನುಸಿ ಹಾಗೆ ಒಮ್ಮೆಲೇ ಕೊಲ್ಲುವುದಿಲ್ಲ. ದಿನದಿನಕ್ಕೆ ರಕ್ತ ಇಳಿಸಿ ಕೊಲ್ಲುತ್ತದೆ. ಮೊದಲು ಹೋಗುವುದು ಮರಿಗಳು ಮತ್ತು ಕಾವು ಕೂತ ಹೇಟೆ, ಏಕೆಂದರೆ ಹಗಲೂ ಆ ಬಿಸಿ ಗೂಡು ಬಿಟ್ಟು ಏಳದೆ ಇರುವವಳು ಅವಳೊಬ್ಬಳೇ.

ಒಡ್ಡಿಯ ಚಿಕಿತ್ಸೆ, ಮೊದಲ ದಿನ

ಬಿಸಿಲಿರುವ ದಿನ ಆರಿಸಿ, ಬೆಳಿಗ್ಗೆ ಎಂಟಕ್ಕೇ ಶುರುಮಾಡಿ. ಸಂಜೆಯೊಳಗೆ ಒಡ್ಡಿ ಒಣಗಬೇಕು. ಇಬ್ಬರಾದರೆ ಒಳ್ಳೆಯದು.

ಒಳಗಿನದೆಲ್ಲ ಹೊರಗೆ ಬರಲಿ. ನೆಲದ ಹೊಟ್ಟು, ಗೂಡಿನ ಹುಲ್ಲು, ಗೋಣಿ ಇವನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ, ಅಲ್ಲೇ ಸುಟ್ಟುಬಿಡಿ. ಗುಂಡಿ ಒಡ್ಡಿಯ ಪಕ್ಕದಲ್ಲೇ ಇರುವ ಮನೆಗಳಲ್ಲಿ ನುಸಿ ನಡೆದುಕೊಂಡೇ ವಾಪಸು ಬರುತ್ತದೆ. ನಮ್ಮ ಅಡಿಕೆ ದಬ್ಬೆಯನ್ನೂ ಸುಟ್ಟೆವು. ದಬ್ಬೆಯ ನಾರು ಒಣಗಿದಾಗ ಉದ್ದುದ್ದ ಸೀಳು ಬಿಡುತ್ತದೆ. ಒಂದನ್ನು ಮೊಣಕಾಲಿಗೆ ಕೊಟ್ಟು ಮುರಿದು ನೋಡಿದೆ. ನಾರಿನ ಎಳೆಎಳೆಯ ನಡುವೆ ಬೂದು, ಕೆಂಪು, ಕಪ್ಪು ನುಸಿಗಳು ಒತ್ತೊತ್ತಾಗಿ, ಜೊತೆಗೆ ಮುತ್ತಿನ ಬಣ್ಣದ ಮೊಟ್ಟೆಗಳು. ಹೊರಗಿನಿಂದ ಎಷ್ಟು ಮದ್ದು ಹೊಡೆದರೂ ಆ ಒಳಗಿಗೆ ಒಂದು ಹನಿಯೂ ತಲುಪುತ್ತಿರಲಿಲ್ಲ. ಬಿದಿರು ಇನ್ನೂ ಕೆಟ್ಟದ್ದು, ಗಂಟಿನ ಒಳಗೆ ಕೋಣೆಗಳೇ ಇರುತ್ತವೆ. ಸೀಳಿದ ಬಿದಿರನ್ನು ಕೂರುವ ಕೋಲಾಗಿ ಎಂದೂ ಬಳಸಬೇಡಿ.

ಗೋಡೆ, ನೆಲ ಕೆರೆದ ಮೇಲೆ ಕುದಿಯುವ ನೀರು. ಬಿಸಿ ನೀರಲ್ಲ, ಕುದಿಯುವ ನೀರು. 45 ಡಿಗ್ರಿಗಿಂತ ಹೆಚ್ಚಿನ ಶಾಖವನ್ನು ಈ ನುಸಿ ತಾಳುವುದಿಲ್ಲ, ಅದರ ಮೊಟ್ಟೆಯೂ ಕುದಿನೀರಿಗೆ ಉಳಿಯುವುದಿಲ್ಲ. ಬಚ್ಚಲೊಲೆಯ ಹಂಡೆ ತುಂಬ ಕುದಿಸಿ, ಚೊಂಬಿನಲ್ಲಿ ಒಂದೊಂದು ಬಿರುಕಿಗೂ ನಿಧಾನವಾಗಿ ಹುಯ್ಯಿರಿ. ಗೋಡೆಗೆ ಎರಚಿದರೆ ಮುಟ್ಟುವಷ್ಟರಲ್ಲಿ ಆರಿರುತ್ತದೆ. ಬಟ್ಟೆ ಸೋಪಿನ ಪುಡಿ ಕಲಸಿದರೆ ನೀರು ಸಂದಿಯೊಳಗೆ ಚೆನ್ನಾಗಿ ಇಳಿಯುತ್ತದೆ. ಬಾಗಿಲಿನ ತಿರುಗಣೆ, ಮೊಳೆಯ ತಲೆ, ಜಾಲರಿ ಮರಕ್ಕೆ ಸೇರುವ ಗೆರೆ, ಮೊಟ್ಟೆ ಪೆಟ್ಟಿಗೆಯ ನಾಲ್ಕು ಮೂಲೆ ಇವನ್ನು ಮರೆಯಬೇಡಿ.

ಕಲ್ಲಿನ ಗೋಡೆ, ಕಬ್ಬಿಣದ ಜಾಲರಿಗೆ ಬೆಂಕಿ ಕೊಡುವುದು ಹಳ್ಳಿಯ ಹಳೆಯ ಕ್ರಮ, ಒಣ ತೆಂಗಿನ ಗರಿಯ ದೊಂದಿ ಹಿಡಿದು ಸವರುವುದು. ಕೆಲಸ ಮಾಡುತ್ತದೆ. ಆದರೆ ಮರದ ಒಡ್ಡಿಗೆ, ಹುಲ್ಲಿನ ಮಾಡಿಗೆ, ಕೊಟ್ಟಿಗೆಗೆ ಅಂಟಿಕೊಂಡ ಒಡ್ಡಿಗೆ ಬೇಡವೇ ಬೇಡ. ಮಾಡುವವರು ಎರಡು ಕೊಡ ನೀರು ಪಕ್ಕದಲ್ಲಿಟ್ಟುಕೊಳ್ಳಿ.

ಬುಟ್ಟಿ, ಮಂಕರಿ, ಪ್ಲಾಸ್ಟಿಕ್ ಟ್ರೇಗಳನ್ನು ಅಡಿಕೆ ಒಣಗಿಸುವ ಕಪ್ಪು ಟಾರ್ಪಾಲಿನಲ್ಲಿ ಗಾಳಿಯಾಡದಂತೆ ಸುತ್ತಿ ಎರಡು ಮೂರು ದಿನ ಸುಡುಬಿಸಿಲಿಗೆ ಇಡಿ. ಫೆಬ್ರವರಿಯಿಂದ ಮೇ ತನಕ ಇದು ಚೆನ್ನಾಗಿ ನಡೆಯುತ್ತದೆ, ಮೋಡದ ದಿನಗಳಲ್ಲಿ ನಂಬಬೇಡಿ.

ಒಣಗಿದ ಮೇಲೆ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ. ನಾವು ಮೊದಲು ಮಣ್ಣು ಸಗಣಿ ಕಲಸಿ ಮೆತ್ತಿದ್ದೆವು. ಹತ್ತು ದಿನದಲ್ಲಿ ಅದು ಒಣಗಿ ಕೂದಲೆಳೆಯ ಹೊಸ ಬಿರುಕುಗಳು ಬಿಟ್ಟವು, ಒಂದು ಮಿಲಿಮೀಟರ್‌ನ ಹುಳಕ್ಕೆ ಅಷ್ಟು ಧಾರಾಳ ಸಾಕು. ಮೇಲೆ ದಪ್ಪಗೆ ಸುಣ್ಣ ಬಳಿಯಿರಿ. ಹಸಿ ಸುಣ್ಣ ಕೋಳಿಯ ಕಾಲು ಸುಡುತ್ತದೆ, ಪೂರ್ತಿ ಒಣಗುವ ತನಕ ಒಳಗೆ ಬಿಡಬೇಡಿ.

ಕೂರುವ ಕೋಲನ್ನು ಹೊಸದಾಗಿ ಮಾಡಿಸುವುದು ಈ ಕೆಲಸದಲ್ಲಿ ನಾನು ಅತಿ ಮುಖ್ಯ ಎನ್ನುವ ಭಾಗ. ಎರಡಿಂಚಿನ ರೀಪಿಗೆ ಉಜ್ಜುಗೊರಡು ಹಾಕಿಸಿ, ಅಂಚು ಉರುಟು ಮಾಡಿಸಿ. ಅದನ್ನು ಗೋಡೆಯ ತೂತಿಗೆ ಸಿಕ್ಕಿಸುವ ಬದಲು ಕಾಲುಳ್ಳ ಸ್ಟ್ಯಾಂಡಿನ ಮೇಲೆ ಕೂರಿಸಿ, ಯಾವ ಕಡೆಯೂ ಗೋಡೆಗೆ ತಾಗದ ಹಾಗೆ. ಅಡುಗೆಮನೆಯಲ್ಲಿ ಇರುವೆ ಬಾರದಿರಲಿ ಎಂದು ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಅದೇ ಉಪಾಯ. ಸ್ಟ್ಯಾಂಡಿನ ಕಾಲುಗಳನ್ನು ಡಬ್ಬಿಯಲ್ಲಿ ನಿಲ್ಲಿಸಿ, ಡಬ್ಬಿಗೆ ಕರಿದುಳಿದ ಎಣ್ಣೆ ಹಾಕಿ, ಕೋಳಿ ಅದರಲ್ಲಿ ಮೈ ಅದ್ದದ ಹಾಗೆ ಮೇಲೆ ತಗಡಿನ ಮರೆ ಕೊಡಿ. ಗೋಡೆಯಲ್ಲಿ ಉಳಿದ ನುಸಿಗೆ ಕೋಳಿಯ ಬಳಿ ಬರುವ ದಾರಿ ಆಗ ಕಡಿದುಹೋಗುತ್ತದೆ.

ಮದ್ದು

ಇಲ್ಲಿ ಸ್ವಲ್ಪ ಕಟುವಾಗಿ ಬರೆಯುತ್ತೇನೆ, ಏಕೆಂದರೆ ಮೊಟ್ಟೆ ತಿನ್ನುವವರು ಮನೆಯ ಮಕ್ಕಳು.

ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಡೈಕ್ಲೋರ್‌ವಾಸ್ ಬಾಟಲಿ ಇರುತ್ತದೆ. ಒಂದು ಕಾಲದಲ್ಲಿ ಕೋಳಿ ಗೂಡಿಗೆ ಅದನ್ನೇ ಹೊಡೆಯುತ್ತಿದ್ದರು. ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದು ನಿಷಿದ್ಧ. ಹೇನಿಗೆ ಹಚ್ಚುತ್ತಿದ್ದ ಕಾರ್ಬರಿಲ್ ಪುಡಿಯೂ ಅದೇ ಆದೇಶದಲ್ಲಿ ನಿಷೇಧವಾಗಿದೆ. ಬಾಳೆಗೆ ಹಾಕುತ್ತಿದ್ದ ಫೋರೇಟ್ ಕೂಡ. ಹಳೆಯದು ಉಳಿದಿದೆಯೆಂದು ಬಳಸಬೇಡಿ.

ನಾಯಿಯ ಉಣ್ಣೆಗೆ ಬೆನ್ನ ಮೇಲೆ ಹಾಕುವ ಫಿಪ್ರೋನಿಲ್ ಹನಿಯನ್ನು ಕೋಳಿಗೂ ಹಾಕಬಹುದೇ ಎಂದು ಕೇಳುತ್ತಾರೆ. 2017ರಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂನ ಕೋಳಿ ಫಾರ್ಮ್‌ಗಳಲ್ಲಿ ಇದೇ ಕೆಂಪು ನುಸಿಗೆಂದು ಸಿಂಪಡಿಸಿದ ದ್ರಾವಣದಲ್ಲಿ ಫಿಪ್ರೋನಿಲ್ ಕಲಬೆರಕೆಯಾಗಿತ್ತು. ಅದು ಮೊಟ್ಟೆಗೆ ಇಳಿದು, ಯುರೋಪಿನಾದ್ಯಂತ ಲಕ್ಷಾಂತರ ಮೊಟ್ಟೆಗಳನ್ನು ಅಂಗಡಿಗಳಿಂದ ವಾಪಸು ತರಿಸಬೇಕಾಯಿತು. ಹಾಕಬಾರದು ಎನ್ನಲು ಅಷ್ಟು ಸಾಕು. ಕೋಳಿಗೆ ನೀರಿನಲ್ಲಿ ಕೊಡುವ ಫ್ಲುರಲಾನರ್ ಎಂಬ ಔಷಧಕ್ಕೆ ಯುರೋಪಿನಲ್ಲಿ ಅದೇ 2017ರಲ್ಲಿ ಅನುಮತಿ ಸಿಕ್ಕಿತು. ಏಳು ದಿನದ ಅಂತರದಲ್ಲಿ ಎರಡು ಸಲ ಕೊಡುವುದು, ರಕ್ತ ಕುಡಿದ ನುಸಿ ಸಾಯುವುದು. ಹಾಗೆಂದು ಅದೇ ಔಷಧವಿರುವ ನಾಯಿಯ ಮಾತ್ರೆಯನ್ನು ಪುಡಿಮಾಡಿ ಕೋಳಿಗೆ ಹಾಕುವುದಲ್ಲ. ಕೋಳಿಯ ಹೊಟ್ಟೆಗೆ ಹೋಗುವ ಯಾವುದನ್ನೂ ಪಶುವೈದ್ಯರೇ ನಿರ್ಧರಿಸಲಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಅವರಿಂದಲೇ ಕೇಳಿಕೊಳ್ಳಿ.

ಖಾಲಿ ಒಡ್ಡಿಗೆ ಸಿಂಪಡಿಸಲು ದನದ ಉಣ್ಣೆಗೆ ಸಿಗುವ ಡೆಲ್ಟಾಮೆಥ್ರಿನ್ ದ್ರಾವಣವನ್ನು ಸಾಮಾನ್ಯವಾಗಿ ಸೂಚಿಸುತ್ತಾರೆ. ಪ್ರಮಾಣ ವೈದ್ಯರು ಹೇಳಿದಷ್ಟೇ. ಕೋಳಿ, ನೀರಿನ ಬಟ್ಟಲು, ಕಾಳು, ಮೊಟ್ಟೆ ಎಲ್ಲವೂ ಹೊರಗಿರಲಿ, ಒಣಗಿದ ಮೇಲೆಯೇ ಕೋಳಿ ಒಳಗೆ ಬರಲಿ. ಜೇನು ಪೆಟ್ಟಿಗೆ ಹತ್ತಿರವಿದ್ದರೆ, ಪಾತ್ರೆ ತೊಳೆದ ನೀರು ಕೆರೆಗೋ ತೋಟದ ಕಪ್ಪಿಗೋ (ನೀರು ಬಸಿಯುವ ಕಾಲುವೆಗೋ) ಹರಿಯುವಂತಿದ್ದರೆ ಬಳಸಬೇಡಿ. ಜೇನಿಗೂ ಮೀನಿಗೂ ಅದು ಕಡುವಿಷ. ಒಂದೇ ಮದ್ದನ್ನು ವರ್ಷಗಟ್ಟಲೆ ಹೊಡೆದ ಕಡೆ ನುಸಿ ಅದಕ್ಕೆ ಒಗ್ಗಿಹೋಗುತ್ತದೆ ಎಂಬುದೂ ನೆನಪಿರಲಿ.

ಮನೆಮದ್ದುಗಳಲ್ಲಿ ನಾನು ಉಳಿಸಿಕೊಂಡದ್ದು ಬೇವಿನೆಣ್ಣೆ ಮತ್ತು ಸೋಪು. ಬಿಸಿ ನೀರಿಗೆ ಸೋಪು ಕರಗಿಸಿ ಅದರಲ್ಲಿ ಎಣ್ಣೆ ಹಾಲಿನಂತೆ ಬೆರೆಯುವ ತನಕ ಕಲಕಿ ಬಿರುಕಿಗೆ ಸಿಂಪಡಿಸುತ್ತೇವೆ. ಮೈಗೆ ತಾಗಿದ ನುಸಿ ಸಾಯುತ್ತದೆ, ತಾಗದ್ದು ಉಳಿಯುತ್ತದೆ, ಆದ್ದರಿಂದ ಪದೇ ಪದೇ ಬೇಕು. ಬೂದಿಯ ಗುಂಡಿಯಲ್ಲಿ ಕೋಳಿ ಹೊರಳುವುದು ಹೇನಿಗೆ ಒಳ್ಳೆಯದು. ಕೆಂಪು ನುಸಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಕೋಳಿ ಹೊರಳುವ ಹೊತ್ತಿಗೆ ನುಸಿ ಒಡ್ಡಿಯಲ್ಲಿ ಮಲಗಿರುತ್ತದೆ. ಲಕ್ಕಿ ಸೊಪ್ಪನ್ನು ಗೂಡಿಗೆ ಹಾಸಿ ನೋಡಿದೆ, ಎಣಿಕೆ ಇಳಿಯಲಿಲ್ಲ. ಹೊಗೆಸೊಪ್ಪಿನ ಕಷಾಯ ಬೇಡ, ನಿಕೋಟಿನ್ ಕೋಳಿಯನ್ನೂ ಕೊಲ್ಲುತ್ತದೆ, ಹೊಡೆಯುವವರ ಚರ್ಮದಿಂದಲೂ ಒಳಗಿಳಿಯುತ್ತದೆ. ಸೀಮೆಎಣ್ಣೆಯೂ ಬೇಡ, ಬೇಡ ಎನ್ನಲು ಬೆಂಕಿಯ ಅಪಾಯವೊಂದೇ ಸಾಕು.

ಏನನ್ನೇ ಸಿಂಪಡಿಸಿ, ಒಂದು ಸಲಕ್ಕೆ ಮುಗಿಯುವುದಿಲ್ಲ. ಸಿಂಪಡಣೆಯಿಂದ ನುಸಿಯ ಮೊಟ್ಟೆಗಳು ಹೆಚ್ಚಾಗಿ ಉಳಿದುಕೊಳ್ಳುತ್ತವೆ. ಉಳಿದವು ಎರಡು ಮೂರು ದಿನದಲ್ಲಿ ಒಡೆದು, ವಾರಕ್ಕೆ ಬೆಳೆದು, ಮತ್ತೆ ಮೊಟ್ಟೆ ಇಡುತ್ತವೆ. ಅದಕ್ಕೇ ಐದನೇ ದಿನ ಎರಡನೇ ಸಲ, ಹತ್ತನೇ ದಿನ ಮೂರನೇ ಸಲ. ಮೊದಲ ದಿನದ ಶ್ರಮದ ಮೇಲೆ ಎಲ್ಲರೂ ಸೋಲುವುದು ಈ ಐದನೇ ದಿನವೇ. ಕೋಳಿ ಒಳಗೆ ಹೋಗಲು ಶುರುಮಾಡಿರುತ್ತದೆ, ಬಟ್ಟೆಗೆ ಗೆರೆ ಬರುತ್ತಿರುವುದಿಲ್ಲ, ಇನ್ನೇಕೆ ಎನ್ನಿಸುತ್ತದೆ. ಹಾಗೆ ಬಿಟ್ಟ ಮನೆಯಲ್ಲಿ ಮೂರು ವಾರಕ್ಕೆ ಎಲ್ಲ ಮೊದಲಿನಂತಾಗುತ್ತದೆ.

ಕೋಳಿಗೆ, ನಮಗೆ

ಕೆಳರೆಪ್ಪೆ ಎಳೆದು ಒಳಭಾಗ ನೋಡಿ. ತಿಳಿಗೆಂಪಿದ್ದರೆ ಸರಿ. ಕಾಗದದಂತೆ ಬಿಳಿಯಾಗಿದ್ದರೆ ಆ ಕೋಳಿಯನ್ನು ಬೇರೆ ಜಾಗದಲ್ಲಿ, ಹೊಸ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ವೈದ್ಯರಿಗೆ ತೋರಿಸಿ. ಉಳಿದವಕ್ಕೆ ಕಾಳಿನ ಜೊತೆ ನುಗ್ಗೆ ಸೊಪ್ಪು, ಶೇಂಗಾ ಹಿಂಡಿ, ಸಿಕ್ಕರೆ ಗೆದ್ದಲು. ನಮ್ಮಲ್ಲಿ ಜುಟ್ಟಿಗೆ ಬಣ್ಣ ಮರಳಲು ಮೂರು ವಾರ ಹಿಡಿಯಿತು, ಮೊಟ್ಟೆ ಮೊದಲಿನಷ್ಟಾಗಲು ಇನ್ನೂ ಎರಡು ವಾರ.

ಕಾವು ಕೂತಿರುವ ಹೇಟೆ ಇದ್ದರೆ ಅದನ್ನು ಮೊಟ್ಟೆಯ ಸಮೇತ ಕತ್ತಲಲ್ಲಿ ಅಲ್ಲ, ಹಗಲಲ್ಲಿ ಸ್ಥಳಾಂತರಿಸಿ. ಹಗಲಲ್ಲಿ ಅದರ ಮೈಮೇಲಿರುವ ನುಸಿ ಕಡಿಮೆ. ಒಂದೊಂದು ಮೊಟ್ಟೆಯನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಹೊಸ ಪೆಟ್ಟಿಗೆಗೆ ಹೊಸ ಭತ್ತದ ಹೊಟ್ಟು ಹಾಕಿ. ಮರಿ ಎದ್ದ ದಿನ ಆ ಪೆಟ್ಟಿಗೆಯನ್ನು ಹೊಟ್ಟಿನ ಸಮೇತ ಸುಡಿ.

ಒಡ್ಡಿ ತೊಳೆದವರ ಮಣಿಕಟ್ಟು, ಸೊಂಟದಲ್ಲಿ ಸಣ್ಣ ಕೆಂಪು ದದ್ದು, ತುರಿಕೆ ಬರುವುದುಂಟು. ನುಸಿ ಮನುಷ್ಯರನ್ನೂ ಕಚ್ಚುತ್ತದೆ, ಆದರೆ ನಮ್ಮ ಮೈಯಲ್ಲಿ ಸಂಸಾರ ಹೂಡುವುದಿಲ್ಲ. ಬಟ್ಟೆಯನ್ನು ಅಂಗಳದಲ್ಲೇ ತೆಗೆದು ಕುದಿನೀರಿಗೆ ಹಾಕಿ, ಸ್ನಾನ ಮಾಡಿ ಒಳಗೆ ಬನ್ನಿ. ಕೋಳಿಯೇ ಇಲ್ಲದ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲೂ ಇಂಥ ತುರಿಕೆ ಬರಬಹುದು. ಅಲ್ಲಿ ಎಸಿಯ ಹಿಂದೆ, ಬಾಲ್ಕನಿಯ ಮೂಲೆಯಲ್ಲಿ ಪಾರಿವಾಳದ ಗೂಡು ಇದೆಯೇ ನೋಡಬೇಕು. ಹಕ್ಕಿ ಗೂಡು ಬಿಟ್ಟು ಹೋದ ಮೇಲೆ ಹಸಿದ ನುಸಿ ಮನೆಯೊಳಗೆ ಇಳಿಯುತ್ತದೆ.

ಮತ್ತೆ ಬಾರದ ಹಾಗೆ

ನಮ್ಮ ಒಡ್ಡಿಗೆ ಅದು ಬಂದದ್ದು ಸಂತೆಯಿಂದ ತಂದ ಎರಡು ಹೇಟೆಯ ಜೊತೆಗೋ, ಅವನ್ನು ತಂದ ಹಳೆಯ ಬುಟ್ಟಿಯಲ್ಲೋ ಎಂದು ಆಮೇಲೆ ದಿನ ಲೆಕ್ಕ ಹಾಕಿದಾಗ ಅನ್ನಿಸಿತು. ಮಾಡಿನ ಹೆಂಚಿನಡಿ ಗುಬ್ಬಿ, ಮೈನಾ ಗೂಡು ಕಟ್ಟಿದ್ದರೆ ಅಲ್ಲಿಂದಲೂ ಬರುತ್ತದೆ. ಮರಿ ಹಾರಿಹೋದ ಮೇಲೆ ಖಾಲಿ ಗೂಡನ್ನು ತೆಗೆದುಬಿಡಿ, ಮರಿ ಇರುವಾಗ ಮುಟ್ಟಬೇಡಿ. ಹೊಸ ಕೋಳಿಗೆ ಎರಡು ವಾರ ಬೇರೆ ಪೆಟ್ಟಿಗೆ, ಅದರ ಕೋಲಿಗೂ ಒಂದು ರಟ್ಟಿನ ಬೋನು. ಬೇರೆ ಮನೆಯ ಬುಟ್ಟಿ, ಮೊಟ್ಟೆಯ ಟ್ರೇ ಎರವಲು ತಂದರೆ ಅಂಗಳದಲ್ಲೇ ಕುದಿನೀರು ಹುಯ್ದು ಒಳಗೆ ತನ್ನಿ.

ಬೋನಿನ ಎಣಿಕೆ ನಿಲ್ಲಿಸಬೇಡಿ. ಮೂರನೇ ಸಿಂಪಡಣೆಯ ಮೇಲೆ ವಾರಕ್ಕೊಮ್ಮೆ ರಟ್ಟು ಬಿಚ್ಚಿ. ನಮ್ಮ ಲೆಕ್ಕ ಹೀಗಿತ್ತು: ಮೊದಲ ಸಲ ಎಣಿಸಲಾಗದಷ್ಟು, ಐದನೇ ದಿನ ನಲವತ್ತು ಚಿಲ್ಲರೆ, ಹತ್ತನೇ ದಿನ ಆರು, ಹದಿನೇಳನೇ ದಿನ ಸೊನ್ನೆ, ಇಪ್ಪತ್ತನಾಲ್ಕನೇ ದಿನ ಮತ್ತೆ ಎರಡು. ಆ 'ಎರಡು' ಬಂದದ್ದು ಮೊಟ್ಟೆ ಪೆಟ್ಟಿಗೆಯ ಹಿಂದಲಗೆಯಿಂದ. ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದ ಆ ಹಲಗೆಯನ್ನು ಮೊದಲ ದಿನ ನಾವು ಕೀಳದೆ ಬಿಟ್ಟಿದ್ದೆವು. ಕಿತ್ತು ನೋಡಿದರೆ ಹಿಂಬದಿಯಲ್ಲಿ ನಾಣ್ಯದಗಲದ ಒಂದು ಬೂದು ಗೊಂಚಲು. ಕುದಿನೀರು ಹುಯ್ದು, ಆ ಹಲಗೆ ಸುಟ್ಟು, ಲೆಕ್ಕವನ್ನು ಮತ್ತೆ ಮೊದಲಿನಿಂದ ಶುರುಮಾಡಿದೆವು. ಸತತ ಮೂರು ವಾರ ಸೊನ್ನೆ ಬಂದ ಮೇಲೆ ತಿಂಗಳಿಗೊಂದು ಬೋನಿಗೆ ಇಳಿಸಿದೆವು. ಜೂನ್‌ನಿಂದ ನವೆಂಬರ್ ತನಕ ಮಾತ್ರ ಈಗಲೂ ಹದಿನೈದು ದಿನಕ್ಕೊಮ್ಮೆ ರಟ್ಟು ಬಿಚ್ಚುತ್ತೇವೆ.